ಮೆಟ್ಟಿಲ ಮೇಲಿನ ಟೀಚರ್

ಗುರುವಾರ, ಜುಲೈ ೧೮

ಇವತ್ತೂ ಇಂಗ್ಲಿಷ್ ಪಾಠದಲ್ಲಿ ಅದೇ ‘ದೇರ್’ ಗೋಳು. ‘ಅವರದು’ ಎನ್ನಲು ಒಂದು, ‘ಅಲ್ಲಿ’ ಎನ್ನಲು ಒಂದು, ‘ಅವರು ಇದ್ದಾರೆ’ ಎನ್ನುವುದನ್ನು ಕುಗ್ಗಿಸಿದ್ದು ಇನ್ನೊಂದು. ಕಿವಿಗೆ ಮೂರೂ ಒಂದೇ, ಸ್ಪೆಲಿಂಗ್ ಮಾತ್ರ ಬೇರೆ ಬೇರೆ. ವಾರದಿಂದ ಗಂಟಲು ಹರಿದುಕೊಂಡರೂ ಮಕ್ಕಳು ಪಿಳಿಪಿಳಿ ಕಣ್ಣು ಬಿಡುತ್ತವೆ.

ಊಟದ ಬಿಡುವಿನಲ್ಲಿ ಕೊನೇ ಬೆಂಚಿನ ಚಿನಕುರುಳಿ ಮೆಟ್ಟಿಲ ಮೇಲೆ ಟೀಚರ್ ಆಟ ಆಡುತ್ತಿದ್ದಳು. ಒಂದನೇ ಕ್ಲಾಸಿನ ತಂಗಿಗೆ ಪಾಠ. ಸೀಮೆಸುಣ್ಣದಲ್ಲಿ ಬರೆದಿದ್ದ ಮೂರು ‘ದೇರ್’ಗಳೂ ತಪ್ಪು. ತಂಗಿ ಓದಲು ತಡವರಿಸಿದಳು. ಇವಳು ಕಣ್ಣು ಮುಚ್ಚಿ, ಹಣೆಗೆ ಕೈ ಒತ್ತಿ, ಉಸ್ಸೆಂದು, ‘ಹೋಗ್ಲಿ ಬಿಡು, ನಿನ್ ತಲೆಗೆ ಇದು ಹತ್ತಲ್ಲ’ ಅಂದಳು. ಗದರಿದ್ದಲ್ಲ, ಬರೀ ಸುಸ್ತಿನ ದನಿ. ತಂಗಿ ತಲೆ ತಗ್ಗಿಸಿ ‘ಸರಿ ಮಿಸ್’ ಅಂದಳು.

ಆ ಮಾತು ನಾನು ಯಾವತ್ತು ಆಡಿದೆ? ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಆದರೆ ದನಿ ನನ್ನದೇ, ಆ ಉಸಿರೂ ನನ್ನದೇ. ನಾನು ಬೈದಿದ್ದರೆ ಆ ಚಿನಕುರುಳಿ ಸಂಜೆಯೊಳಗೆ ಮರೆತುಬಿಡುತ್ತಿದ್ದಳೇನೋ.

ರಾತ್ರಿ ಊಟಕ್ಕೆ ಕೂತಾಗ ಅತ್ತೆ ಕೇಳಿದರು, ‘ಯಾಕಮ್ಮ, ತಲೆನೋವಾ?’

‘ಏನಿಲ್ಲ ಅತ್ತೆ’ ಅಂದೆ. ಆಮೇಲೆ ನೋಡಿಕೊಂಡರೆ, ಕೈ ಹಣೆಯ ಮೇಲೇ ಇತ್ತು.