ಜಾಣ ಕಿವುಡು

ನವೆಂಬರ್ ೧೨, ಬುಧವಾರ.

ಕನ್ನಡಿಯಲ್ಲಿ ಮುಖ ನೋಡಿಕೊಳ್ಳಲೂ ಹೇಸಿಗೆಯಾಗುತ್ತಿದೆ. ಮಗಳು ಶಾಲೆಯ ಭಾಷೆಯಲ್ಲಿ ಏನು ಕೇಳಿದರೂ ಜಾಣ ಕಿವುಡು ತೋರಿಸುವುದು, ಎರಡು ತಿಂಗಳಿಂದ ನಾನೇ ಮಾಡಿಕೊಂಡ ನಿಯಮ. ಹಾಗಾದರೂ ಬಾಯಿಬಿಟ್ಟು ಕನ್ನಡ ಆಡಲಿ ಎಂದು.

ಸಂಜೆ ಬಚ್ಚಲ ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡು ಕಿರುಚಿದಳು, ಅದೇ ಭಾಷೆಯಲ್ಲಿ. ಒಂದೊಂದು ಪದವೂ ನನಗೆ ಅರ್ಥವಾಗಿತ್ತು. ಆದರೂ ಈರುಳ್ಳಿ ಹೆಚ್ಚುತ್ತಲೇ, "ಕನ್ನಡದಲ್ಲಿ ಹೇಳು ಪುಟ್ಟಿ" ಅಂದೆ. ಎರಡು ಸಲ ಅಂದೆ! ನನ್ನ ಬಾಯಿಗೆ ಮಣ್ಣು ಹಾಕ.

ಹೆಂಡತಿ ಓಡಿಬಂದು ಬೆರಳು ಬಿಡಿಸಿದಳು. "ನೀವೇನು ಅಪ್ಪನೋ, ಮೇಷ್ಟ್ರೋ?"

ಉಗುರು ಕಪ್ಪಾಗಿದೆ. ಮಲಗಿಸುವಾಗ ಮಗಳು ಮೊದಲ ಬಾರಿಗೆ, ತಡವರಿಸದೆ, ಇಡೀ ವಾಕ್ಯ ಕನ್ನಡದಲ್ಲೇ ಕೇಳಿದಳು: "ಅಪ್ಪಾ, ನಿಂಗೆ ಅಳೋದೂ ಅರ್ಥ ಆಗಲ್ವಾ?"

ಒಂದೂ ತಪ್ಪಿಲ್ಲದ ಕನ್ನಡ. ಥೂ.