ಫ್ರಿಜ್ಜಿನ ಮೇಲಿನ ಮೆಣಸಿನ ಸಸಿಗಳು

ಮಗಳೇ,

ಇದನ್ನು ನೀನು ಓದಲಾರೆ ಎಂದು ಬಲ್ಲೆ. ಆದರೂ ಫಲಿತಾಂಶ ತಿಳಿಸುವುದು ನನ್ನ ಕರ್ತವ್ಯ. ನೀನು ಕಣ್ಣು ಮುಚ್ಚುವ ಮುನ್ನ ಒಣಗಿಸಿಟ್ಟಿದ್ದ ಮೆಣಸಿನ ಬೀಜಗಳಲ್ಲಿ ಅರ್ಧವನ್ನು, ನನ್ನ ವಾದದಂತೆ, ನೇರವಾಗಿ ಹಿತ್ತಲ ಮಡಿಯಲ್ಲಿ ಬಿತ್ತಿದೆ. ಉಳಿದವನ್ನು, ನಿನ್ನ ವಾದದಂತೆ, ಬಟ್ಟಲಿನ ಮಣ್ಣಿಗೆ ಹಾಕಿ, ಬೆಚ್ಚಗಿರಲೆಂದು ಫ್ರಿಜ್ಜಿನ ಮೇಲಿಟ್ಟೆ. ಮಡಿಯಲ್ಲಿ ಒಂದೂ ಏಳಲಿಲ್ಲ. ಬಟ್ಟಲಿನ ತುಂಬ ಸಸಿಗಳಿವೆ.

"ನೋಡಿದ್ರಾ? ನಿಮ್ಮ ಮಗಳೇ ಗೆದ್ದಳು," ಎಂದಳು ನಿನ್ನ ಅಮ್ಮ. "ಈಗಲಾದ್ರೂ ಒಪ್ಕೊಳ್ತೀರೋ, ಇದಕ್ಕೂ ಒಂದು ಭಾಷಣ ಇದೆಯೋ?"

ಬಟ್ಟಲನ್ನು ಫ್ರಿಜ್ಜಿನ ಮೇಲಿಂದ ಊಟದ ಮೇಜಿಗೆ ಇಳಿಸಿದೆ.

ಸಸಿ ಎದ್ದ ಮೇಲೆ ಹೇಗೆ ಬಿಡಿಸಿ ನೆಡಬೇಕೆಂದು ಈ ವಾದ ನಡೆದ ದಿನ ಇದೇ ಮೇಜಿನಲ್ಲಿ ನೀನು ಹೇಳತೊಡಗಿದ್ದೆ. ಕಾಲೇಜಿನಲ್ಲಿ ಚರ್ಚಾಪಟುವಾಗಿದ್ದವನ ಗತ್ತಿನಲ್ಲಿ ನಾನು ಎಂದಿನಂತೆ ಲೋಟಕ್ಕೆ ಚಮಚ ಬಡಿದು, "ಸಮಯ ಮುಗಿಯಿತು" ಎಂದೆ. ನೀನು ನಕ್ಕು ಎದ್ದುಹೋದೆ.

ಸಸಿಗಳು ಒತ್ತೊತ್ತಾಗಿ ನಿಂತಿವೆ. ಬಿಡಿಸದಿದ್ದರೆ ಉಳಿಯವು, ಬೇರು ಹರಿದರೂ ಉಳಿಯವು. ನೀನಿಟ್ಟ ಬೀಜ ಇನ್ನೊಂದೂ ಉಳಿದಿಲ್ಲ. ಅದೇ ಚಮಚ ಹಿಡಿದು ಬಟ್ಟಲಿನ ಮುಂದೆ ಕುಳಿತಿದ್ದೇನೆ.

ಹೇಳಮ್ಮ. ನಿಧಾನವಾಗಿ, ಪೂರ್ತಿ ಹೇಳು.