ತಿರುಗಲೊಲ್ಲದ ಅಂಗೈ

ವಾಡಿ,
ಶುಕ್ರವಾರ, 14 ನವೆಂಬರ್ 2025

ನನ್ನ ತಾಯಿ ಬಸವೇಶ್ವರಿಗೆ,

ಬಲಗೈಲೆ ಪೆನ್ನು, ಎಡಗೈಲೆ ಕಾಗದ ಹಿಡಕೊಂಡು ನಿಮ್ಮಪ್ಪ ಎರಡೂ ಕೈಲೆ ಮಾಡುವ ಆಶೀರ್ವಾದ. ಅಳಿಯಂದಿರು ಶರಣಕುಮಾರ ಅವರಿಗೂ ಹೇಳು.

ಮುಖ್ಯ ಮಾತು ಮೊದಲ ಹೇಳಿಬಿಡ್ತೀನಿ, ಇಲ್ಲಂದ್ರ ನಾ ಎಲ್ಲೆಲ್ಲೋ ಹೋಗ್ತೀನಿ ಅನ್ನೋದು ನಿನಗ ಗೊತ್ತದ. ಸೋಮವಾರದ ಎರಡನೇ ಆಪರೇಶನ್ ಸದ್ಯಕ್ಕ ಬ್ಯಾಡ ಅಂತ ಕಲಬುರಗಿ ಡಾಕ್ಟರ್ ಇವತ್ತು ಹೇಳ್ಯಾರ. ನೀ ಸಾಲಿಗೆ ರಜಾ ಹಾಕಿ, ದವಾಖಾನಿ ಚೀಲ ತುಂಬಿ ಇಟ್ಟಿರ್ತಿ. ಚೀಲದಾಗಿನ ಥರ್ಮಾಸು, ಚಾದರ ತೆಗೆದಿಡು. ಆದ್ರ ರಜಾ ಹಂಗೇ ಇರಲಿ. ನಾಳೆ ಸಂಜಿ ಬಸ್ಸಿಗೆ ನೀ ವಾಡಿಗೆ ಬರಬೇಕು. ಆಯಿತವಾರ ಮುಂಜಾನೆ ನಿನ್ನ ಕೈಲೆ ಒಂದು ಸಣ್ಣ ಕೆಲಸ ಅದ.

ಫೋನ್ ಯಾಕ ಮಾಡಲಿಲ್ಲ ಅಂತಿ. ಫೋನ್‌ನಾಗ ನೀ 'ಅಪ್ಪಾ, ಅದಿರಲಿ, ಊಟ ಏನ್ ಮಾಡಿದ್ರಿ?' ಅಂತ ನಡುವ ಬಾಯಿ ಹಾಕ್ತಿ. ಕಾಗದಕ್ಕ ಹಂಗ ಮಾಡಾಕ ಬರೂದಿಲ್ಲ. ನಮ್ಮ ಓಣಿ ಶಾಕೀರನ ಟೆಂಪೋ ನಾಳೆ ನಸುಕಿನ್ಯಾಗ ಚಿಂಚೋಳಿಗೆ ಹೊಂಟದ. ಅವನ ಕೈಲೆ ಕಳಸಾಕತ್ತೀನಿ. ಲಕೋಟಿ ಮ್ಯಾಲ ನಿನ್ನ ಹೆಸರು, ಓಣಿ, ಸಾಲಿ ಮೂರೂ ಬರದೀನಿ. ಮೂವತ್ನಾಲ್ಕು ವರ್ಷ ವಾಡಿ ಜಂಕ್ಷನ್ ಪಾರ್ಸಲ್ ಆಫೀಸಿನಾಗ ಕುಂತ ಮನಿಷಾ ನಾ. ಸೇಡಂಗೆ ಹೋಗೋ ಗಂಟು ಸೋಲಾಪುರಕ್ಕ ಹೋಗಿದ್ದು ಒಂದು ದಿನಾ ಇಲ್ಲ. 'ರಾಂಗ್ ಡೆಲಿವರಿ ನಿಲ್, ಒಂದೂ ಇಲ್ಲ' ಅಂತ ರಿಟೈರ್ ಆದ ದಿವಸ ದೊಡ್ಡ ಸಾಹೇಬರು ಭಾಷಣದಾಗ ಹೇಳಿದ್ರು. ನಿಮ್ಮವ್ವ ಮುಂದಿನ ಖುರ್ಚಿ ಮ್ಯಾಲ ಕುಂತು ಎಲ್ಲಾರಕಿಂತ ಜಾಸ್ತಿ ಚಪ್ಪಾಳಿ ಹೊಡದಿದ್ದಳು.

ಈಗ ಕೈದು ಮಾತು. ಜುಲೈದಾಗ ಬಚ್ಚಲ ಫರಸಿ ಮ್ಯಾಲ ಜಾರಿ ಬಿದ್ದೆ, ಎಡ ಮಣಿಕಟ್ಟು ಮುರೀತು, ಪ್ಲೇಟು ಹಾಕಿ ಆರು ಸ್ಕ್ರೂ ಬಿಗಿದ್ರು. ಎಲುಬು ಕೂಡ್ತು. ಎಕ್ಸರೇ ನೋಡಿ ಡಾಕ್ಟರ್ 'ಎ ಒನ್' ಅಂದ್ರು. ಆದ್ರ ಅಂಗೈ ಮ್ಯಾಲ ಆಗವಲ್ದು. ಸದಾ ನೆಲಾ ನೋಡ್ಕೋತ ಇರ್ತಿತ್ತು. ಅದಕ್ಕ ಇಂಗ್ಲಿಷಿನ್ಯಾಗ ಸೂಪರಿನೇಶನ್ ಅಂತನೋ ಏನೋ ಒಂದು ಶಬ್ದ ಅದ. ನವೆಂಬರ್ ನಡುವಿನ ತನಕ ಅರವತ್ತು ಡಿಗ್ರಿ ತಿರುಗಲಿಲ್ಲಂದ್ರ ಮತ್ತ ಮಲಗಿಸಿ, ಕೊಯ್ದು ಬಿಡಿಸಬೇಕು, ಹಂಗ ಮಾಡಿದ್ರೂ ಪೂರಾ ಬರ್ತದ ಅನ್ನೋ ಖಾತ್ರಿ ಇಲ್ಲ ಅಂದಿದ್ರು. ಅವತ್ತು ನೀ ಜೀಪಿನ್ಯಾಗ ಕಿಡಕಿ ಕಡೆ ಮಾರಿ ಮಾಡಿ ಕಣ್ಣೀರು ಒರಸಿಕೊಂಡಿದ್ದು ನಾ ನೋಡಿದ್ದೆ.

ಆಮ್ಯಾಲ ನೀನೇ ಹುಡುಕಿ ಶಹಾಬಾದಿನ ಖುರ್ಷಿದಬೇಗಂ ಹತ್ರ ಹಚ್ಚಿದಿ. ಆಕ್ಯುಪೇಶನಲ್ ಥೆರಪಿ ಅಂದಾಗ ನಾ ಏನ್ ಅಂದೆ ಗೊತ್ತೇನು? 'ನೋಡವಾ, ನಾ ರಿಟೈರ್ಡ್ ಮನಿಷಾ. ನನಗ ಆಕ್ಯುಪೇಶನ್ನೇ ಇಲ್ಲ. ಮೈ ಡೇಸ್ ಆರ್ ಪಾಸ್ಡ್ ಬೈ ದೆಮ್‌ಸೆಲ್ವ್ಸ್' ಅಂದೆ. ಆಕಿ ನಗಲಿಲ್ಲ. 'ಅಂಗಿ ಗುಂಡಿ ಯಾರು ಹಾಕ್ಕೋತಾರ, ಕಾಕಾ? ಚಾ ಬಸಿ ಯಾರು ಹಿಡಿತಾರ? ಅದೇ ನಿಮ್ಮ ಆಕ್ಯುಪೇಶನ್. ಕುಂದ್ರಿ' ಅಂದಳು. ಕುಂತೆ.

ಕೀಲಿ ತಿರುಗಿಸೋದು, ಶೇಂಗಾ ಸುಲಿದು ಎಡ ಅಂಗೈಯಾಗ ಕೂಡಿಸೋದು, ಹಿಟ್ಟು ನಾದಿ ರೊಟ್ಟಿ ಬಡಿಯೋದು. ನಾನು, ರೊಟ್ಟಿ! ನಿಮ್ಮವ್ವ ಇದ್ದಿದ್ರ ಒಲಿ ಮುಂದ ಬಿದ್ದು ಬಿದ್ದು ನಗತಿದ್ದಳು. ಅಲ್ಲಿ ಇನ್ನೊಬ್ಬ ಪೇಶಂಟ್ ಗನಿಸಾಬ ಅಂತ, ಫರಸಿ ಪಾಲಿಶ್ ಮಾಡವ. ಮಶೀನಿಗೆ ಸಿಕ್ಕು ನನ್ನಂಗೇ ಎಡಗೈ ಮುರದದ, ನನ್ನಂಗೇ ಪ್ಲೇಟು ಅದ. ನನ್ನ ಮೊದಲನೇ ರೊಟ್ಟಿ ಎತ್ತಿ ಹಿಡಿದು 'ಬಾಬುಸಾಬ್, ಇದು ರೊಟ್ಟಿ ಅಲ್ರಿ, ಚಿಂಚೋಳಿ ತಾಲೂಕಿನ ನಕ್ಷಾ. ಇಲ್ಲಿ ತೂತು ಬಿದ್ದದಲ್ಲ, ಇದೇ ಕುಂಚಾವರಂ' ಅಂದ.

ಬೇಗಂ ಹತ್ರ ಕಂಪಾಸ್ ಪೆಟ್ಟಿಗಿ ಕೋನಮಾಪಕದಂಥಾ ಒಂದು ಸಾಮಾನ ಅದ. ವಾರಕ್ಕೊಮ್ಮೆ ಅಳೀತಾಳ. ಗನಿಸಾಬಂದು ಮೂವತ್ತು, ನಲವತ್ತೈದು, ಅರವತ್ತು. ನಂದು ಹದಿನೈದು, ಹದಿನೈದು, ಹದಿನೈದು. ಪ್ರತಿ ಸಲ ಆಕಿದು ಒಂದೇ ಪ್ರಶ್ನೆ. 'ಮುಂಜಾನೆ ಎದ್ದು ಈ ಕೈ ಮೊದಲ ಏನ್ ಕೆಲಸ ಮಾಡ್ತಿತ್ತು, ಕಾಕಾ?' ನಾ ಪ್ರತಿ ಸಲ 'ಏನೂ ಇಲ್ಲ' ಅಂತಿದ್ದೆ.

ಕಡೀಕ ನೀನೇ ಆಕಿಗೆ ಫೋನ್ ಮಾಡಿ ಹೇಳಿಬಿಟ್ಟಿ. ನಮ್ಮಪ್ಪ ದಿನಾ ಲಿಂಗಪೂಜಿ ಮಾಡ್ತಾರ, ಎಡ ಅಂಗೈ ಮ್ಯಾಲ ಇಷ್ಟಲಿಂಗ ಇಟ್ಕೊಂಡು ಅರ್ಧ ತಾಸು ಕೂಡ್ತಾರ ಅಂತ. ಮರುದಿನ ಬೇಗಂ ಕೇಳಿದಳು. 'ಇಷ್ಟು ದೊಡ್ಡ ಕೆಲಸ ಬಿಟ್ಟು ನನಗ ಶೇಂಗಾ ಸುಲಿಸಾಕ ಹಚ್ಚೀರಿ. ಯಾಕ ಮುಚ್ಚಿಟ್ರಿ?'

ಬಸವೇಶ್ವರಿ, ಇಲ್ಲಿ ಪೆನ್ನು ಸ್ವಲ್ಪ ನಿಂತದ.

ನಾ ಪೂಜಿ ಮಾಡಿಲ್ಲವಾ. ಕೈ ಮುರದ ಮ್ಯಾಲ ಅಷ್ಟೇ ಅಲ್ಲ. ಜನವರಿದಾಗ ನಿಮ್ಮವ್ವ ಹೋದ ಮ್ಯಾಲ ಒಂದು ದಿನಾನೂ ಮಾಡಿಲ್ಲ. ನೀ ಮುಂಜಾನೆ ಫೋನ್ ಮಾಡಿ 'ಪೂಜಿ ಆಯ್ತೇನಪ್ಪಾ?' ಅಂತ ಕೇಳಿದಾಗೆಲ್ಲ 'ಆಯ್ತು' ಅಂದೀನಿ. ಜುಲೈದಾಗ ಕೈ ಮುರದಾಗ, ಖರೇ ಹೇಳ್ತೀನಿ, ನೋವಿನ ಕೂಡ ಒಂದು ನಿರಾಳನೂ ಬಂತು. ಇನ್ನ ಸುಳ್ಳು ಹೇಳಬೇಕಾಗಿಲ್ಲ, ಕೇಳಿದವರಿಗೆ ಪಟ್ಟಿ ತೋರಿಸಿದ್ರಾಯ್ತು ಅಂತ.

ಹೋದ ವಾರ ಬೇಗಂ ಒಂದು ಯುಕ್ತಿ ಮಾಡಿದಳು. ಗನಿಸಾಬನ ಕೂಡ ನಾ ರೇಲ್ವೆ ಸುದ್ದಿ ಹೇಳ್ಕೋತ ಕುಂತಾಗ ಎಡಗೈಗೆ ಚಾ ಬಸಿ ಕೊಟ್ಟಳು. ಮಾತಿನ ಗುಂಗಿನ್ಯಾಗ ಹಿಡಕೊಂಡು ಕುಡದೆ. ಕುಡದು ಮುಗಿಯೂದ್ರಾಗ ಆಕಿ ಬಾಜೂಕ ಕುಂತು ಕೋನ ಅಳದುಬಿಟ್ಟಿದ್ದಳು. ನಲವತ್ತು! 'ಈಗ ಅಂಗೈ ಮ್ಯಾಲ ಮಾಡ್ರಿ' ಅಂದಳು. ಹದಿನೈದಕ್ಕ ನಿಂತುಬಿಡ್ತು.

'ಎಲುಬೂ ಸರಿ ಅದ, ನರಾನೂ ಸರಿ ಅದ. ನಿಮ್ಮ ಕೈ ಹೇಳಿದ ಮಾತು ಕೇಳಾಕತ್ತದ, ಕಾಕಾ. ತಿರುಗಬ್ಯಾಡ ಅಂತ ನೀವೇ ಹೇಳೀರಿ' ಅಂದಳು. ನಾ ವಾದ ಹಾಕಿದೆ. ಮೈಂಡ್ ಇರೂದು ತಲಿಯಾಗ, ಮಣಿಕಟ್ಟಿನ್ಯಾಗ ಅಲ್ಲ. ಪಿಯುಸಿದಾಗ ನಮ್ಮ ಮಾಸ್ತರು ಮೈಂಡ್ ಓವರ್ ಮ್ಯಾಟರ್ ಅಂತಿದ್ರೋ ಮ್ಯಾಟರ್ ಓವರ್ ಮೈಂಡ್ ಅಂತಿದ್ರೋ ಅಂತ. ದುಃಖಾ, ಅಂಜಿಕಿ ಇದ್ದವರ ಕೈ ಹಿಂಗೇ ಮುದುಡಿಕೊಂಡು ಕೂಡ್ತಾವ, ಇದು ನಾಟಕ ಅಲ್ಲ, ನಾಚಿಕಿ ಪಡೂದೂ ಅಲ್ಲ ಅಂತ ಬೇಗಂ ಅಂದಳು.

ಆಗ ಹೇಳಿದೆ. ಸಮಾಧಿಯೊಳಗ ನಿಮ್ಮವ್ವನ್ನ ಕುಂದ್ರಿಸಿ, ಮಠದ ಅಯ್ಯನವರು ಎಡ ಅಂಗೈಯಾಗ ಲಿಂಗ ಇಡಬೇಕಂತ ನೋಡಿದ್ರ ಬೆರಳು ಬಿಡವಲ್ದು. ನೀ ಆಗ ಮನ್ಯಾಗ ಹೆಣ್ಮಕ್ಕಳ ನಡುವ ಇದ್ದಿ. ನಾನೇ ಇಳದು ಒಂದೊಂದೇ ಬೆರಳು ಬಿಡಿಸಿದೆ. ಒಂದು ಬೆರಳು ಚಟ್ ಅಂತು. ಆಕಿಗೆ ನೋವು ಇಲ್ಲ ಅನ್ನೋದು ತಿಳೀತದ, ಆದ್ರ ನನ್ನ ಕೈಗೆ ತಿಳಿಯವಲ್ದು. ಬಚ್ಚಲದಾಗ ಬಿದ್ದಾಗ ನನ್ನ ಮಣಿಕಟ್ಟೂ ಅದೇ ಸಪ್ಪಳ ಮಾಡ್ತು. ಅಂಗೈ ಮ್ಯಾಲ ಮಾಡಾಕ ಹೋದ್ರ ಸಾಕು, ಅದೇ ಸಪ್ಪಳ ಕೇಳ್ತದ.

ಬೇಗಂ ಕಣ್ಣು ತುಂಬಿಕೊಂಡಳು. ಗನಿಸಾಬ ತನ್ನ ಟವೆಲ್ ಮಡಚಿದ, ಬಿಚ್ಚಿದ, ಮತ್ತ ಮಡಚಿದ. ಆಮ್ಯಾಲ ಎರಡೂ ಕೈ ದುವಾ ಕೇಳುವಂಗ ಮುಂದ ಚಾಚಿದ. ಬಲಗೈ ಪೂರಾ, ಎಡಗೈ ಮುಕ್ಕಾಲು. 'ನೋಡ್ರಿ ಬಾಬುಸಾಬ್' ಅಂದ, 'ನನಗ ಎರಡು ಕೈ ಬೇಕು. ನಿಮ್ಮ ದೇವರು ಭಾಳ ಸಸ್ತಾ ಮನಿಷಾ, ಒಂದೇ ಕೈ ಕೇಳ್ತಾನ. ಅದೂ ಕೊಡಾಕ ಆಗಲ್ಲೇನ್ರಿ ನಿಮಗ?' ನನಗ ಸಿಟ್ಟು ಬಂತು, ಆಮ್ಯಾಲ ನಗು ಬಂತು, ಆಮ್ಯಾಲ ಎರಡೂ ಅಲ್ಲದ್ದು ಏನೋ ಬಂತು. ಹತ್ತು ತಿಂಗಳಾದ ಮ್ಯಾಲ ಮೊದಲನೇ ಸಲ ಮಂದಿ ಮುಂದ ಅತ್ತೆ. ಗನಿಸಾಬ ಅದೇ ಟವೆಲ್ ಕೊಟ್ಟ. ಫರಸಿ ಧೂಳಿನ ವಾಸನಿ ಇತ್ತು.

ಬೇಗಂ ಹೊಸ ಕ್ರಮಾ ಹಚ್ಚಿಕೊಟ್ಟಳು. ಮೊದಲ ಖಾಲಿ ಅಂಗೈ. ಆಮ್ಯಾಲ ಜ್ವಾಳದ ಕಾಳು. ಆಮ್ಯಾಲ ನೀರು. 'ದೇವರು ಕಡೀಕ, ಗಡಿಬಿಡಿ ಇಲ್ಲ' ಅಂದಳು. ಸಪ್ಪಳ ಕೇಳಿದ್ರ ಕೇಳಲಿ, ಕೈ ಹಿಂದಕ್ಕ ಎಳಕೋಬ್ಯಾಡ್ರಿ ಅಂದಳು. ಕಾಳು ಎಷ್ಟು ಚೆಲ್ಲಿದೆ ಅಂದ್ರ ಅಂಗಳದ ಗುಬ್ಬಿ ನನ್ನ ಗುರ್ತು ಹಿಡದು ಒಳಗ ಬರಾಕ ಹತ್ಯಾವ.

ನಿನ್ನಿ ಗುರುವಾರ ಮುಂಜಾನೆ ಜಳಕ ಮಾಡಿ ವಿಭೂತಿ ಹಚ್ಕೊಂಡು ಕುಂತೆ. ಅಂಗೈಯಾಗ ನೀರು ಹಾಕ್ಕೊಂಡೆ, ನಿಂತಿತು. ಒರಸಿಕೊಂಡು ಕೊರಳಾಗಿನ ಲಿಂಗದ ಕರಡಿಗಿ ತೆರದೆ. ಅದೇ ಸಪ್ಪಳ ಬಂತು. ಬರಲಿ ಅಂದೆ. ಬಸವೇಶ್ವರಿ, ಲಿಂಗ ನನ್ನ ಅಂಗೈ ಮ್ಯಾಲ ಕುಂತಿತು. ಕೈ ಹೊಳ್ಳಿ ನೆಲದ ಕಡೆ ತಿರುಗಲಿಲ್ಲ. ಬಿಸಿಲು ಹೊಸ್ತಿಲಾ ದಾಟಿ ನನ್ನ ಮೊಣಕಾಲಿಗೆ ಬರೂತನಕ ಕುಂತಿದ್ದೆ. ಇವತ್ತು ಬೇಗಂ ಅಳದಳು, ಅರವತ್ತೆರಡು. ಎರಡು ಸಲ ಅಳದಳು. ಗನಿಸಾಬ 'ನನ್ನ ದಾಟಬ್ಯಾಡ್ರಿ ಬಾಬುಸಾಬ್, ನಾ ನಿಮಗಿಂತ ಸೀನಿಯರ್' ಅಂದ. ಬೇಗಂ ಅಲ್ಲಿಂದಲೇ ಡಾಕ್ಟರಿಗೆ ಫೋನ್ ಹಚ್ಚಿದಳು, ಅವರು ಕೊಯ್ಯೋದು ಬ್ಯಾಡ, ಇದನ್ನೇ ನಡಸ್ರಿ ಅಂದ್ರು.

ಆಯಿತವಾರದ ಕೆಲಸ ಇದು. ನಿಮ್ಮವ್ವ ದಿನಾ ತನ್ನ ಪೂಜಿ ಮುಗಿಸಿ, ನನ್ನ ಅಂಗೈ ಮ್ಯಾಲಿನ ಲಿಂಗಕ್ಕ ಒಂದು ಚಮಚಿ ನೀರು ಹಾಕಿ ಅಡಗಿ ಮನಿಗೆ ಹೋಗ್ತಿದ್ದಳು. ಆ ನೀರು ನೀ ಹಾಕಬೇಕು. ಚೆಲ್ಲಿದ್ರ ಬೈಬ್ಯಾಡ. ಆಮ್ಯಾಲ ನಾ ಬಡದ ರೊಟ್ಟಿ ತಿನಬೇಕು. ಈಗ ನಕ್ಷಾ ಸುಧಾರಿಸ್ಯದ.

ಟು ದಿ ಬೆಸ್ಟ್ ಆಫ್ ಮೈ ನಾಲೇಜ್ ಅಂಡ್ ಬಿಲೀಫ್, ಇಷ್ಟು ಖರೇ.

ನಿನ್ನ ಹಾದಿ ಕಾಯುವ
ನಿಮ್ಮಪ್ಪ,
ಗುರುಲಿಂಗಯ್ಯ

ತಾ.ಕ.: ಸಹಿ ಮಾಡಿ ಲಕೋಟಿಗೆ ಅಂಟು ಹಚ್ಚಬೇಕಂತ ಮಾಡಿದ್ದೆ, ಮನಸ್ಸು ಒಪ್ಪಲಿಲ್ಲ. ಬರದದ್ದು ಖರೇ, ಆದ್ರ ಪೂರಾ ಅಲ್ಲ. ಬೇಗಂಗೂ ಹೇಳಿಲ್ಲ, ಗನಿಸಾಬಗೂ ಹೇಳಿಲ್ಲ. ಆಯಿತವಾರ ನಾ ಕರಡಿಗಿ ತೆರದಾಗ ಒಳಗ ಹಸರು ಅರಿವಿ ಕಾಣ್ತದ. ನೀ ಕೂಸಿದ್ದಾಗಿನ ಕುಂಚಿಗಿದು ತುಂಡು, ನಿಮ್ಮವ್ವ ತನ್ನ ಲಿಂಗಕ್ಕ ಸುತ್ತತಿದ್ದಳಲ್ಲ, ಅದೇ. ನೋಡಿದ ಕೂಡಲೇ ನಿನಗ ತಿಳೀತದ, ಅದಕ್ಕ ಮೊದಲೇ ಹೇಳ್ತೀನಿ. ಅವತ್ತು ಆಕಿಗೆ ಕಡೀ ಜಳಕ ಮಾಡಿಸುವಾಗ ಆಕಿ ಲಿಂಗಾನೂ ನನ್ನ ಲಿಂಗಾನೂ ಒಂದೇ ಗೂಟಕ್ಕ ಹಾಕಿದ್ದೆ. ಒಂದೇ ದಿವಸ ಚಿತ್ತಾಪುರದಾಗ ಮಾಡಿಸಿದ ಜೋಡಿ ಬೆಳ್ಳಿ ಕರಡಿಗಿ. ಅಯ್ಯನವರು ಕೇಳಿದಾಗ ಕೈಗೆ ಸಿಕ್ಕದ್ದು ಕೊಟ್ಟೆ. ಅವರು ಕರಡಿಗಿ ತೆರದು ಲಿಂಗ ತೆಗೆಯುವಾಗ ನನ್ನ ಲಕ್ಷ್ಯ ಆಕಿ ಬೆರಳಿನ ಮ್ಯಾಲಿತ್ತು. ಮೂರನೇ ದಿವಸ ಪೂಜಿಗೆ ಕುಂತು ತೆರದ್ರ ಹಸರು ಅರಿವಿ. ಮೂವತ್ನಾಲ್ಕು ವರ್ಷದಾಗ ಆಗದ ರಾಂಗ್ ಡೆಲಿವರಿ. ನಂದು ಮಣ್ಣಾಗ, ಆಕಿದು ನನ್ನ ಕೊರಳಾಗ. ಆಕಿ ಕೈಯಾಗ ಇರಬೇಕಾದ ಲಿಂಗಕ್ಕ ನನ್ನ ಅಂಗೈ ಹೆಂಗ ತೆರೀಲಿ? ನಿನ್ನಿ ತೆರದೆ. ಕೈ ಸುಡಲಿಲ್ಲ. ಆಕಿ ಕೈ ಖಾಲಿ ಹೋಗಿಲ್ಲ, ನನ್ನ ಕೈನೂ ಖಾಲಿ ಉಳದಿಲ್ಲ ಅನಿಸ್ತು. ಮುಂದ ನನ್ನ ಪಾಳಿ ಬಂದಾಗ ಈ ಹಸರು ಅರಿವಿದ್ದನ್ನೇ ನನ್ನ ಅಂಗೈಯಾಗ ಇಡಿಸು. ನಂದು ಎಲ್ಲದ ಅಂತ ಮನಿ ತುಂಬ ಹುಡುಕಬ್ಯಾಡ. ನಂದು ಮೊದಲೇ ಹೋಗಿ ಮುಟ್ಟ್ಯದ.